ಆ ಚಿತ್ರ ಜಾಗ ಬಿಟ್ಟು ಕದಲಿಲ್ಲ

ವರ್ಡ್ ಫೈಲಿನ ಚಿತ್ರಗಳು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾದರೆ ಎಲ್ಲರೂ ಮೊದಲು ಕೇಳುವುದು, 'ನಿಮ್ಮದು ಯಾವ ವರ್ಷನ್?' ಡಿಟಿಪಿ ಅಂಗಡಿಯಲ್ಲಿ ಅದನ್ನೇ ಕೇಳುತ್ತಾರೆ, ಪ್ರಬಂಧ ಒಪ್ಪಿಸಲು ಹೋದ ಸಂಶೋಧನಾ ವಿದ್ಯಾರ್ಥಿಯನ್ನೂ ಅದನ್ನೇ ಕೇಳುತ್ತಾರೆ. ಕಳಿಸಿದವರದು 2016, ತೆರೆದವರದು 2010 ಎಂದು ಗೊತ್ತಾದ ಕೂಡಲೇ ವಿಚಾರಣೆ ಮುಗಿದ ಹಾಗೆ. ಈ ನಂಬಿಕೆಯ ಜೊತೆಗೆ ಇನ್ನೂ ಮೂರು ಮಾತುಗಳು ಓಡಾಡುತ್ತವೆ: ಲಿಬ್ರೆ ಆಫೀಸಿನಲ್ಲಿ ತೆರೆದರೆ ವರ್ಡ್ ಫೈಲು ಕೆಡುತ್ತದೆ, ಚಿತ್ರವನ್ನು ಲಾಕ್ ಮಾಡಿಟ್ಟರೆ ಕದಲುವುದಿಲ್ಲ, ಯಾವ ರಗಳೆಯೂ ಬೇಡ, ಪಿಡಿಎಫ್ ಮಾಡಿ ಕಳಿಸಿ. ನಾಲ್ಕರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ನಾಲ್ಕೂ ಸೇರಿ ಮುಖ್ಯವಾದದ್ದನ್ನೇ ಮರೆಮಾಡಿವೆ ಎಂಬುದು ನನ್ನ ವಾದ. ಚಿತ್ರ ಎಲ್ಲಿರಬೇಕೆಂದು ನಾವು ಬರೆದುಕೊಟ್ಟಿದ್ದೇವೋ ಅದು ಅಲ್ಲೇ ಇರುತ್ತದೆ. ಕದಲುವುದು ಅದರ ಸುತ್ತಲಿನ ಪುಟ. ನಾವು ಬರೆದುಕೊಟ್ಟ ವಿಳಾಸ ತಪ್ಪಾಗಿರುತ್ತದೆ.

ಈ ವಾದಕ್ಕೆ ನಾನು ಬಂದದ್ದು ಒಂದು ಸ್ಮರಣ ಸಂಚಿಕೆಯ ದೆಸೆಯಿಂದ. ಹಳೆಯ ಶಾಲೆಯೊಂದಕ್ಕೆ ನೂರು ವರ್ಷ ತುಂಬಿದಾಗ, ಅಲ್ಲಿ ಪಾಠ ಹೇಳಿ ತೀರಿಕೊಂಡ ಮೇಷ್ಟರುಗಳ ಪರಿಚಯಗಳನ್ನು ಸಂಪಾದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಒಂದು ಪುಟ, ಒಂದರ ಹಿಂದೆ ಒಂದು. ಮೊದಲು ಹೆಸರು, ಅದರ ಬಲಗಡೆ ಒಂದು ಫೋಟೋ, ಕೆಳಗೆ ನಾಲ್ಕೈದು ಪ್ಯಾರಾ. ಫೋಟೋಗಳನ್ನು ಮನೆಮನೆಗೆ ಹೋಗಿ ತಂದಿದ್ದೆವು. ಗೋಡೆಯ ಚೌಕಟ್ಟಿನಿಂದ ಬಿಚ್ಚಿಸಿದ್ದು, ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದು, ಪಿಂಚಣಿ ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು. ನನ್ನ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಮೇಷ್ಟರ ಮುಖವೂ ಅವರವರ ಹೆಸರಿನ ಪಕ್ಕದಲ್ಲೇ ಇತ್ತು.

ಅಂಗಡಿಯಿಂದ ಕರಡು ಪ್ರತಿ ಬಂದ ದಿನ ಒಬ್ಬ ಮೇಷ್ಟರ ಮಗಳು ಶಾಲೆಗೆ ಬಂದಿದ್ದರು. ಎಪ್ಪತ್ತು ದಾಟಿದವರು. ತಂದೆಯ ಹೆಸರಿದ್ದ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ಆ ಪುಟದಲ್ಲಿದ್ದ ಒಂದೇ ಒಂದು ಫೋಟೋದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, 'ಇವರು ನಮ್ಮಪ್ಪ ಅಲ್ಲಮ್ಮ' ಎಂದರು. ಅವರ ತಂದೆಯ ಫೋಟೋ ಹಿಂದಿನ ಪುಟದಲ್ಲಿ, ಇನ್ನೊಬ್ಬರ ಮಾತುಗಳ ಪಕ್ಕದಲ್ಲಿತ್ತು. ಪುಟ ಮಗುಚಿ ನೋಡಿದರೆ ಒಟ್ಟು ಮೂವರ ಫೋಟೋ ಹೀಗೆ ಹಿಂದಿನವರ ಪುಟಕ್ಕೆ ಸೇರಿಕೊಂಡಿತ್ತು. ಅಂಗಡಿಯ ಹುಡುಗನಿಗೆ ಫೋನು ಮಾಡಿದೆ. 'ಮೇಡಂ, ನಾನೇನೂ ಮುಟ್ಟಿಲ್ಲ. ಓಪನ್ ಮಾಡಿದಾಗ್ಲೇ ಹಾಗಿತ್ತು. ವರ್ಷನ್ ಪ್ರಾಬ್ಲಂ ಇರ್ಬೇಕು' ಅಂದ. ಅವನು ಮುಟ್ಟಿರಲಿಲ್ಲ ಎನ್ನುವುದು ನಿಜ. ವರ್ಷನ್ ಮಾತ್ರ ಇಬ್ಬರದೂ ಒಂದೇ ಆಗಿತ್ತು.

2007ರಿಂದ ಈಚೆಗೆ ವರ್ಡ್ ಉಳಿಸುವ ಡಾಕ್ಎಕ್ಸ್ ಫೈಲು ಎಂದರೆ ನಿಜಕ್ಕೂ ಒಂದು ಜಿಪ್ ಗಂಟು. ಅದರ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಬಾಲ ತೆಗೆದು ಜಿಪ್ ಎಂದಿಟ್ಟರೆ ಬಿಚ್ಚಬಹುದು. ಆ ರಾತ್ರಿ ಬಿಚ್ಚಿದೆ. ಒಳಗೆ ವರ್ಡ್ ಎಂಬ ಫೋಲ್ಡರು. ಅದರೊಳಗೆ ಮೀಡಿಯಾ ಎಂಬ ಫೋಲ್ಡರಿನಲ್ಲಿ ಮೇಷ್ಟರುಗಳ ಮುಖಗಳೆಲ್ಲ ಇಮೇಜ್1, ಇಮೇಜ್2 ಎಂಬ ಹೆಸರು ಹೊತ್ತು ಸಾಲಾಗಿದ್ದವು. ಬರಹವೆಲ್ಲ ಡಾಕ್ಯುಮೆಂಟ್ ಎಂಬ ಒಂದೇ ಎಕ್ಸ್ಎಂಎಲ್ ಕಡತದಲ್ಲಿ. ಆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಇಂಥ ಸಾಲು ಇಂತಿಷ್ಟನೇ ಪುಟದಲ್ಲಿರಬೇಕು ಎಂಬ ಅಪ್ಪಣೆ ಸಿಗುವುದಿಲ್ಲ. ಕಳೆದ ಸಲ ಪುಟ ಎಲ್ಲಿ ಮುರಿದಿತ್ತು ಎಂಬ ಗುರುತು ಅಲ್ಲಲ್ಲಿ ಇರುತ್ತದೆ, ಅದನ್ನು ಯಾವ ತಂತ್ರಾಂಶವೂ ಪಾಲಿಸಬೇಕಾಗಿಲ್ಲ. ನಾವೇ ಒತ್ತಿ ಹಾಕಿದ ಪೇಜ್ ಬ್ರೇಕ್ ಬಿಟ್ಟರೆ ಫೈಲಿನಲ್ಲಿ ಪುಟ ಎಂಬುದೇ ಇಲ್ಲ. ತೆರೆದವರ ಕಂಪ್ಯೂಟರು ತನ್ನಲ್ಲಿರುವ ಫಾಂಟುಗಳನ್ನು ಹಿಡಿದು, ತನ್ನ ಲೆಕ್ಕದಂತೆ, ಪ್ರತಿ ಸಲ ಹೊಸದಾಗಿ ಪುಟ ಕಟ್ಟುತ್ತದೆ.

ಚಿತ್ರವನ್ನು ಆ ಕಡತ ಎರಡು ರೀತಿಯಲ್ಲಿ ನಮೂದಿಸುತ್ತದೆ. ಇನ್‌ಲೈನ್ ಎಂದಿದ್ದರೆ ಅದು ಸಾಲಿನೊಳಗೆ ಕೂತ ಒಂದು ದೊಡ್ಡ ಅಕ್ಷರದ ಹಾಗೆ. ಹಿಂದಿನ ಅಕ್ಷರದ ನಂತರ, ಮುಂದಿನ ಅಕ್ಷರಕ್ಕೆ ಮೊದಲು, ಅಷ್ಟೇ. ಆಂಕರ್ ಎಂದಿದ್ದರೆ ತೇಲುವ ಚಿತ್ರ. ಆಂಕರ್ ಎಂದರೆ ಲಂಗರು, ಮತ್ತು ಈ ಲಂಗರು ಯಾವಾಗಲೂ ಯಾವುದೋ ಒಂದು ಪ್ಯಾರಾದೊಳಗೆ ಬಿದ್ದಿರುತ್ತದೆ. ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಎಂಬುದು ಅಂಕಿಗಳಲ್ಲಿರುತ್ತದೆ. ಅಳತೆಯ ಮಾನ ಅತಿ ಸಣ್ಣದು: ಒಂದು ಅಂಗುಲಕ್ಕೆ 9,14,400 ಪಾಲು, ಒಂದು ಸೆಂಟಿಮೀಟರಿಗೆ 3,60,000. ಇಷ್ಟು ಸೂಕ್ಷ್ಮವಾಗಿ ಬರೆದಿಟ್ಟ ದೂರ ಫೈಲು ಯಾವ ಕಂಪ್ಯೂಟರಿಗೆ ಹೋದರೂ ಬದಲಾಗುವುದಿಲ್ಲ. ಎಲ್ಲಿಂದ ಅಳೆಯಬೇಕೋ ಆ ಪ್ಯಾರಾ ಬೇರೆ ಕಡೆ ಸರಿದಿರುತ್ತದೆ.

ನಾನು ಮಾಡಿದ್ದು ಇಷ್ಟು. ಫೋಟೋವನ್ನು ಮೌಸಿನಲ್ಲಿ ಎಳೆದು ಹೆಸರಿನ ಪಕ್ಕಕ್ಕೆ ತಂದು, ನೋಡಲು ಚೆನ್ನಾಗಿರಲಿ ಎಂದು ಹೆಸರಿಗಿಂತ ಒಂದು ಚೂರು ಮೇಲಕ್ಕೆ ಸರಿಸಿದ್ದೆ. ಹಾಗೆ ಎಳೆದಾಗ ಲಂಗರು ತಾನಾಗಿ ಹತ್ತಿರದ ಪ್ಯಾರಾಕ್ಕೆ ಹೋಗಿ ಸೇರುತ್ತದೆ. ಹತ್ತಿರ ಇದ್ದದ್ದು ಹಿಂದಿನ ಮೇಷ್ಟರ ಪರಿಚಯದ ಕೊನೆಯ ಪ್ಯಾರಾ. ಎಕ್ಸ್ಎಂಎಲ್‌ನಲ್ಲಿ ಅದನ್ನು ಕಣ್ಣಾರೆ ಕಂಡೆ: ಆ ತಾಯಿಯ ತಂದೆಯ ಫೋಟೋವನ್ನು ನಾನು ಅವರ ಹೆಸರಿಗೆ ಕಟ್ಟಿರಲೇ ಇಲ್ಲ. ಇನ್ನೊಬ್ಬರು ನಿಧನರಾದ ವರ್ಷವನ್ನು ಹೇಳುವ ಪ್ಯಾರಾಕ್ಕೆ ಕಟ್ಟಿದ್ದೆ. ನನ್ನಲ್ಲಿ ಆ ಪ್ಯಾರಾ ಮತ್ತು ಈ ಹೆಸರು ಒಂದೇ ಪುಟದಲ್ಲಿದ್ದುದರಿಂದ ತಪ್ಪು ಕಾಣಲಿಲ್ಲ. ಅಂಗಡಿಯಲ್ಲಿ ಆ ಪ್ಯಾರಾ ಒಂದು ಪುಟದ ಬುಡದಲ್ಲಿ ನಿಂತಿತು, ಹೆಸರು ಮುಂದಿನ ಪುಟದ ತಲೆಗೆ ಹೋಯಿತು. ತೇಲುವ ಚಿತ್ರ ತನ್ನ ಲಂಗರಿರುವ ಪುಟವನ್ನು ದಾಟಲಾರದು. ಬುಡದಲ್ಲಿ ಜಾಗ ಸಾಲದೆ ಮೇಲಕ್ಕೆ ಒತ್ತಿಕೊಂಡು, ಹಿಂದಿನವರ ಮಾತುಗಳ ಪಕ್ಕಕ್ಕೆ ಸೇರಿತು. ನಾನು ಕೊಟ್ಟ ಸೂಚನೆಯನ್ನು ತಂತ್ರಾಂಶ ಅಕ್ಷರಶಃ ಪಾಲಿಸಿತ್ತು.

ಇನ್ನು ಅಂಗಡಿಯಲ್ಲಿ ಪುಟ ಬೇರೆ ಕಡೆ ಮುರಿದದ್ದೇಕೆ ಎಂಬುದು. ಕನ್ನಡದಲ್ಲಿ ಬರೆಯುವವರು ನಿಂತು ಯೋಚಿಸಬೇಕಾದ ಜಾಗ ಇದು. ನಾನು ಬರೆದದ್ದು ತುಂಗಾ ಫಾಂಟಿನಲ್ಲಿ. ತುಂಗಾ 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದದ್ದು. ಯುನಿಕೋಡ್ ಕನ್ನಡವನ್ನು ಟೈಪ್ ಮಾಡಲು ಕಲಿತ ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಮೊದಲ ಫಾಂಟು. ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಇರುವುದಿಲ್ಲ, ಬೇಕಾದವರು ಪೂರಕ ಫಾಂಟಾಗಿ ಹಾಕಿಕೊಳ್ಳಬೇಕು. ಇಲ್ಲದ ಕಡೆ ನಿರ್ಮಲಾ ಯುಐ ಆ ಜಾಗಕ್ಕೆ ಬಂದು ಕೂರುತ್ತದೆ. ಓದುವವರ ಕಣ್ಣಿಗೆ ಎರಡೂ ಸ್ವಚ್ಛ ಕನ್ನಡವೇ. ಆದರೆ ಅಕ್ಷರದ ಅಗಲ ಬೇರೆ, ಒತ್ತಕ್ಷರಕ್ಕೆ ಕೆಳಗೆ ಬಿಡುವ ಜಾಗ ಬೇರೆ, ಆದ್ದರಿಂದ ಸಾಲಿನ ಎತ್ತರವೂ ಬೇರೆ. ಸಾಲಿಗೆ ಅರ್ಧ ಪಾಯಿಂಟ್ ವ್ಯತ್ಯಾಸ ಎಂದು ಇಟ್ಟುಕೊಳ್ಳಿ. ಪುಟಕ್ಕೆ ನಲವತ್ತು ಸಾಲಾದರೆ ಇಪ್ಪತ್ತು ಪಾಯಿಂಟ್, ಅಂದರೆ ಒಂದು ಸಾಲಿಗೂ ಮಿಗಿಲು. ಹತ್ತು ಪುಟ ಸಾಗುವಷ್ಟರಲ್ಲಿ ಹತ್ತು ಹನ್ನೊಂದು ಸಾಲು ಆಚೀಚೆಯಾಗಿರುತ್ತದೆ. ಪುಟದ ಬುಡದಲ್ಲಿದ್ದ ಪ್ಯಾರಾ ಮುಂದಿನ ಪುಟಕ್ಕೆ ದಾಟಲು, ಅಥವಾ ಹಿಂದಿನದಕ್ಕೆ ಏರಲು ಅಷ್ಟು ಧಾರಾಳ ಸಾಕು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಪೆಟ್ಟು ಕಡಿಮೆ. ಏರಿಯಲ್, ಟೈಮ್ಸ್ ನ್ಯೂ ರೋಮನ್ ಇಲ್ಲದ ಕಡೆ ಅದೇ ಅಗಲ ಹಿಡಿದು ಕೂರುವ ಲಿಬರೇಷನ್ ಫಾಂಟುಗಳನ್ನು ರೆಡ್ ಹ್ಯಾಟ್ 2007ರಲ್ಲೇ ಬಿಡುಗಡೆ ಮಾಡಿತು. ಕ್ಯಾಲಿಬ್ರಿಗೆ ಕಾರ್ಲಿಟೊ, ಕೇಂಬ್ರಿಯಾಕ್ಕೆ ಕ್ಯಾಲಡಿಯಾ ಇವೆ. ಆಕಾರ ಬೇರೆಯಾದರೂ ಅಗಲ ಒಂದೇ ಆದ್ದರಿಂದ ಸಾಲು ಮುರಿಯುವ ಜಾಗ ಬದಲಾಗುವುದಿಲ್ಲ. ತುಂಗಾದಿಂದ ನಿರ್ಮಲಾಕ್ಕೆ, ನಿರ್ಮಲಾದಿಂದ ಲಿನಕ್ಸಿನ ಲೋಹಿತ್ ಕನ್ನಡಕ್ಕೆ, ಅಲ್ಲಿಂದ ಮ್ಯಾಕಿನ ಕನ್ನಡ ಸಂಗಮ್‌ಗೆ ಹೋಗುವಾಗ ಅಂಥ ಒಪ್ಪಂದ ಯಾವುದೂ ಇಲ್ಲ. ನಮ್ಮ ಫೈಲು ಪ್ರತಿ ಮನೆಯಲ್ಲೂ ಬೇರೆ ಉದ್ದಕ್ಕೆ ಬೆಳೆಯುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಕಷ್ಟ ಬೇರೆ ತರಹದ್ದು. ಫಾಂಟಿಲ್ಲದಿದ್ದರೆ ಕನ್ನಡವೇ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತಿತ್ತು. ಅದನ್ನು ನೋಡಿದ ಯಾರೂ ಹಾಗೇ ಅಚ್ಚಿಗೆ ಕಳಿಸುತ್ತಿರಲಿಲ್ಲ. ಯುನಿಕೋಡ್ ಬಂದು ಅಕ್ಷರವನ್ನು ಉಳಿಸಿತು, ಅದು ದೊಡ್ಡ ಉಪಕಾರ. ಅಕ್ಷರದ ಅಳತೆಯನ್ನು ಉಳಿಸುವುದು ಅದರ ಕೆಲಸವಾಗಿರಲಿಲ್ಲ. ಹಾಗಾಗಿ ಈಗ ತಪ್ಪು ಸದ್ದಿಲ್ಲದೆ ಆಗುತ್ತದೆ. ಓದಿದರೆ ಎಲ್ಲ ಸರಿ ಇದೆ, ಮುಖ ಮಾತ್ರ ಇನ್ನೊಬ್ಬರದು. ಫಾಂಟನ್ನು ಫೈಲಿನೊಳಗೇ ಕಟ್ಟಿ ಕಳಿಸುವ ಸೌಕರ್ಯ ವರ್ಡ್‌ನ ಸೇವ್ ಆಯ್ಕೆಗಳಲ್ಲಿದೆ, ಲಿಬ್ರೆ ಆಫೀಸಿನಲ್ಲೂ ಇದೆ; ಫಾಂಟು ಮಾಡಿದವರು ಅದಕ್ಕೆ ಅನುಮತಿ ಕೊಟ್ಟಿರಬೇಕು. ವರ್ಷನ್ ಯಾವುದು ಎಂದು ಕೇಳುವವರು ಅದಕ್ಕೆ ಮೊದಲು ಫಾಂಟು ಯಾವುದು ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಹಾಗಾದರೆ ವರ್ಷನ್ನಿಗೆ ಪಾಲೇ ಇಲ್ಲವೇ ಎಂದು ಕೇಳಿದರೆ, ಇದೆ. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾಗುತ್ತದೆ. 97ರಿಂದ 2003ರವರೆಗಿನ ಡಾಕ್ ಫೈಲಿನ ಒಳರಚನೆ ಪೂರ್ತಿ ಬೇರೆ. ಡಾಕ್ಎಕ್ಸ್ ಬಂದ ಮೇಲೂ ಟೆಕ್ಸ್ಟ್ ಬಾಕ್ಸು, ಬಾಣದ ಗುರುತು ಮುಂತಾದವನ್ನು ಮೊದಲು ವಿಎಂಎಲ್ ಎಂಬ ಹಳೆಯ ಭಾಷೆಯಲ್ಲಿ ಬರೆಯುತ್ತಿದ್ದರು. 2010ರಿಂದ ಹೊಸ ಭಾಷೆಯಲ್ಲೊಂದು, ಅದು ತಿಳಿಯದವರಿಗಾಗಿ ಹಳೆಯದರಲ್ಲೊಂದು ಎಂದು ಎರಡೆರಡು ಸಲ ಬರೆದಿಡುತ್ತಾರೆ. ಯಾವ ತಂತ್ರಾಂಶ ಯಾವುದನ್ನು ಓದುತ್ತದೋ ಅದರಂತೆ ಚಿತ್ರ ಕಾಣುತ್ತದೆ. ಇಲ್ಲಿ ವರ್ಷನ್ನಿನ ಮಾತು ನಿಜ.

ಆದರೆ ಇದೇ ನಂಬಿಕೆ ಕೊಡುವ ಪರಿಹಾರವನ್ನು ನೋಡಿ. ಹಳೆಯ ಫೈಲನ್ನು ಹೊಸ ವರ್ಡ್‌ನಲ್ಲಿ ತೆರೆದಾಗ ಮೇಲಿನ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂದು ಬರುತ್ತದೆ. ಫೈಲಿನೊಳಗೆ ಇದಕ್ಕೊಂದು ಸಂಖ್ಯೆ ಇರುತ್ತದೆ: 2007ಕ್ಕೆ 12, 2010ಕ್ಕೆ 14, 2013ರಿಂದ ಮುಂದಕ್ಕೆ 15. ಆ ಸಂಖ್ಯೆ ನೋಡಿ ಹೊಸ ವರ್ಡ್ ತನ್ನ ಹೊಸ ಲೆಕ್ಕವನ್ನು ಬದಿಗಿಟ್ಟು, ಆಗಿನ ಲೆಕ್ಕದಂತೆಯೇ ಪುಟ ಕಟ್ಟಲು ನೋಡುತ್ತದೆ. ಹಿಂದಿನವರ ಕೆಲಸಕ್ಕೆ ತೋರಿಸುವ ಈ ಮರ್ಯಾದೆ ಆ ತಂತ್ರಾಂಶದಲ್ಲಿ ನನಗೆ ಬಹಳ ಇಷ್ಟವಾದ ಗುಣ. ನಮ್ಮ ಜನ ಮಾತ್ರ ಆ ಅಕ್ಷರಗಳನ್ನು ಎಚ್ಚರಿಕೆಯ ಫಲಕವೆಂದು ತಿಳಿದು, ವರ್ಷನ್ ಸರಿಮಾಡೋಣ ಎಂದು ಕನ್ವರ್ಟ್ ಒತ್ತುತ್ತಾರೆ. ಅಲ್ಲಿಯವರೆಗೆ ಸರಿಯಾಗಿದ್ದ ಪುಟ ಕದಲುವುದು ಆಗ. ವಿನ್ಯಾಸ ಬದಲಾಗಬಹುದೆಂದು ವರ್ಡ್ ಮೊದಲೇ ಹೇಳಿರುತ್ತದೆ, ನಾವು ಓದಿರುವುದಿಲ್ಲ.

ಮಾನಕದ ವಿಚಾರದಲ್ಲೂ ನಮ್ಮ ಟೀಕೆ ಅರ್ಧಕ್ಕೇ ನಿಂತಿದೆ. ಡಾಕ್ಎಕ್ಸ್ ಹಿಂದಿರುವ ಆಫೀಸ್ ಓಪನ್ ಎಕ್ಸ್ಎಂಎಲ್ ಮೊದಲು ಎಕ್ಮಾ ಮಾನಕವಾಗಿ 2006ರಲ್ಲಿ ಬಂದಾಗ ಆರು ಸಾವಿರ ಪುಟ ಮೀರಿತ್ತು. ವರ್ಡ್ 95ರ ಹಾಗೆ ಅಂತರ ಬಿಡು, ವರ್ಡ್ 97ರ ಹಾಗೆ ಸಾಲು ಮುರಿ ಎಂಬಂಥ ಸೂಚನೆಗಳು ಅದರಲ್ಲಿದ್ದವು. ಆ ಹಳೆಯ ವರ್ಡ್ ಹೇಗೆ ಮುರಿಯುತ್ತಿತ್ತು ಎಂಬ ವಿವರಣೆ ಇರಲಿಲ್ಲ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾದಾಗ ಭಾರತೀಯ ಮಾನಕ ಬ್ಯೂರೋ ವಿರುದ್ಧ ಮತ ಹಾಕಿತ್ತು. ಆ ವಿರೋಧ ನ್ಯಾಯವಾದದ್ದೇ. ಅದಕ್ಕಿಂತ ದೊಡ್ಡ ಬಿರುಕಿನ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಮಾತಾಡಲಿಲ್ಲ: ಈ ಮಾನಕವಾಗಲಿ, ಇದಕ್ಕೆ ಎದುರಾಗಿ 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿದ್ದ ಓಡಿಎಫ್ ಆಗಲಿ, ಪುಟ ಕಟ್ಟುವ ಲೆಕ್ಕವನ್ನು ಸಾಲುಸಾಲಾಗಿ ವಿಧಿಸುವುದೇ ಇಲ್ಲ. ಎರಡೂ ಪದಾರ್ಥಗಳ ಪಟ್ಟಿ ಕೊಡುತ್ತವೆ, ಅಡುಗೆ ಅವರವರ ಒಲೆಗೆ ಬಿಟ್ಟದ್ದು.

ಇದನ್ನು ಒಪ್ಪಿಕೊಂಡರೆ ಲಿಬ್ರೆ ಆಫೀಸಿನ ಮೇಲಿನ ದೂರೂ ಹಗುರಾಗುತ್ತದೆ. ಅಲ್ಲಿ ನಿಜವಾದ ಕೊರತೆಗಳಿವೆ: ಗುಂಪುಗೂಡಿಸಿದ ಆಕೃತಿಗಳು ಕೆಲವೊಮ್ಮೆ ಹರಿದುಹೋಗುತ್ತವೆ, ಚಿತ್ರದ ಅಂಚನ್ನೇ ಅನುಸರಿಸಿ ಸುತ್ತುವ ಅಕ್ಷರಗಳು ಬೇರೆ ರೀತಿ ಸುತ್ತುತ್ತವೆ. ಇನ್ನೊಂದು ಮೂಲಭೂತ ವ್ಯತ್ಯಾಸವೂ ಇದೆ. ಲಿಬ್ರೆ ಆಫೀಸಿನಲ್ಲಿ ಚಿತ್ರವನ್ನು ಪುಟಕ್ಕೇ ಕಟ್ಟಬಹುದು; ವರ್ಡ್‌ನಲ್ಲಿ ಆ ಅವಕಾಶವಿಲ್ಲ, ಲಂಗರು ಪ್ಯಾರಾಕ್ಕೇ ಬೀಳಬೇಕು. ಅಲ್ಲಿ ಪುಟಕ್ಕೆ ಕಟ್ಟಿ ಡಾಕ್ಎಕ್ಸ್ ಆಗಿ ಉಳಿಸಿದರೆ ಅದಕ್ಕೊಂದು ಪ್ಯಾರಾವನ್ನು ಹುಡುಕಿ ಅಂಟಿಸಬೇಕಾಗುತ್ತದೆ, ಎಡವಟ್ಟು ಆಗುವುದು ಅಲ್ಲಿ. ಆದರೆ ಕನ್ನಡದ ಫೈಲನ್ನು ಲಿನಕ್ಸಿನಲ್ಲಿ ತೆರೆದು 'ಕೆಟ್ಟಿತು' ಎನ್ನುವವರು ಮೊದಲು ಫಾಂಟಿನ ಡಬ್ಬಿಯಲ್ಲಿ ಯಾವ ಹೆಸರಿದೆ, ತೆರೆಯ ಮೇಲೆ ಯಾವ ಫಾಂಟು ನಿಂತಿದೆ ಎಂದು ನೋಡಬೇಕು. ಒಂದೇ ಫಾಂಟು ಎರಡೂ ಕಡೆ ಇದ್ದು, ಚಿತ್ರ ಇನ್‌ಲೈನ್ ಆಗಿದ್ದರೆ, ಫೈಲು ಆಚೆಯಿಂದ ಈಚೆಗೆ ಹತ್ತು ಸಲ ಓಡಾಡಿದರೂ ಚಿತ್ರ ತನ್ನ ಮಾತಿನ ಜೊತೆಗೇ ಉಳಿದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಲಾಕ್ ಮಾಡುವ ಸಲಹೆ ಇವೆಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಧೈರ್ಯ ಕೊಡುತ್ತದೆ. ಲಾಕ್ ಆಂಕರ್ ಎಂಬ ಗುಂಡಿ ಬೀಗ ಹಾಕುವುದು ಲಂಗರಿಗೆ. ಲಂಗರು ಬೇರೆ ಪ್ಯಾರಾಕ್ಕೆ ಹಾರದಂತೆ ತಡೆಯುತ್ತದೆ, ಅಷ್ಟೇ. ಆ ಪ್ಯಾರಾವೇ ಮುಂದಿನ ಪುಟಕ್ಕೆ ಹೋದರೆ ಬೀಗ ಸಮೇತ ಚಿತ್ರವೂ ಹೋಗುತ್ತದೆ. ನನ್ನ ಫೋಟೋಗಳನ್ನು ತಪ್ಪು ಪ್ಯಾರಾದಲ್ಲಿರುವಾಗಲೇ ಲಾಕ್ ಮಾಡಿದ್ದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಫಿಕ್ಸ್ ಪೊಸಿಷನ್ ಆನ್ ಪೇಜ್ ಎಂಬ ಆಯ್ಕೆಯ ಹೆಸರು ಇನ್ನೂ ದಾರಿ ತಪ್ಪಿಸುವಂಥದ್ದು. ಪುಟದ ಅಂಚಿನಿಂದ ಇಷ್ಟು ಕೆಳಗೆ ಎಂಬ ಅಳತೆಯನ್ನು ಅದು ಕಾಪಾಡುತ್ತದೆ. ಯಾವ ಪುಟ ಎಂಬುದನ್ನು ನಿರ್ಧರಿಸುವುದು ಆಗಲೂ ಲಂಗರಿನ ಪ್ಯಾರಾ. ಈ ಹೆಸರು ಇಟ್ಟವರನ್ನು ನಾನು ಕ್ಷಮಿಸಲಾರೆ. ಲಂಗರಿನ ಗುರುತನ್ನೂ ಅವರು ಬಚ್ಚಿಟ್ಟಿದ್ದಾರೆ: ಚಿತ್ರವನ್ನು ಆರಿಸಿದಾಗ ಮಾತ್ರ ಅಂಚಿನಲ್ಲಿ ಒಂದು ಸಣ್ಣ ಲಂಗರು ಕಾಣುತ್ತದೆ, ಕೈಬಿಟ್ಟ ಕೂಡಲೇ ಮರೆಯಾಗುತ್ತದೆ. ಸದಾ ಕಾಣುವಂತೆ ಮಾಡುವ ಆಯ್ಕೆ ಡಿಸ್‌ಪ್ಲೇ ಸೆಟ್ಟಿಂಗಿನೊಳಗಿದೆ. ಅದನ್ನು ಮೊದಲೇ ಹಾಕಿಟ್ಟುಕೊಂಡಿದ್ದರೆ ಮೇಷ್ಟರ ಫೋಟೋದ ಲಂಗರು ಬೇರೆಯವರ ಪ್ಯಾರಾದ ಎದುರು ನಿಂತಿರುವುದು ನನಗೆ ಅಂದೇ ಕಾಣುತ್ತಿತ್ತು. ಅಡಿಬರಹದ ವಿಷಯದಲ್ಲೂ ಹೀಗೆಯೇ: ತೇಲುವ ಚಿತ್ರಕ್ಕೆ ಇನ್ಸರ್ಟ್ ಕ್ಯಾಪ್ಷನ್ ಕೊಟ್ಟರೆ ಅಡಿಬರಹ ಪ್ರತ್ಯೇಕ ಟೆಕ್ಸ್ಟ್ ಬಾಕ್ಸಾಗಿ ಹುಟ್ಟುತ್ತದೆ. ಅದಕ್ಕೆ ಅದರದೇ ಲಂಗರು. ಮುಖಕ್ಕೂ ಹೆಸರಿಗೂ ಬೇರೆ ಬೇರೆ ಲಂಗರು ಕೊಡುವುದು ವಿನ್ಯಾಸದ ದೋಷ, ಬಳಸುವವರ ದೋಷವಲ್ಲ.

ನಮ್ಮ ಪಾಲಿನ ದೋಷ ಅಭ್ಯಾಸದ್ದು. ಕನ್ನಡದ ಪುಟವಿನ್ಯಾಸ ಬಹುಪಾಲು ಪೇಜ್‌ಮೇಕರಿನಲ್ಲಿ ಕಲಿತ ಕೈಗಳಿಂದ ಬಂದದ್ದು. ಅಲ್ಲಿ ಪುಟ ನಿಜವಾದ ವಸ್ತು. ಬರಹ ಪುಟದ ಮೇಲೆ ಹರಿಯುತ್ತದೆ, ಚಿತ್ರವನ್ನು ಪುಟಕ್ಕೆ ಚುಚ್ಚಿಡಬಹುದು, ಚುಚ್ಚಿದ್ದು ಅಲ್ಲೇ ಇರುತ್ತದೆ. ಅದೇ ಕೈ ವರ್ಡ್‌ಗೆ ಬಂದಾಗ ತೆರೆಯ ಮೇಲಿನ ಬಿಳಿ ಹಾಳೆಯನ್ನು ಅಂಥದೇ ಹಾಳೆ ಎಂದು ನಂಬುತ್ತದೆ. ಕಂಡದ್ದೇ ಅಚ್ಚಾಗುತ್ತದೆ ಎಂಬ ಭರವಸೆ 1974ರ ಸುಮಾರಿಗೆ ಪಾಲೊ ಆಲ್ಟೊದ ಜೆರಾಕ್ಸ್ ಪ್ರಯೋಗಾಲಯದಲ್ಲಿ ಬ್ರಾವೊ ಎಂಬ ತಂತ್ರಾಂಶದೊಡನೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಚಾರ್ಲ್ಸ್ ಸಿಮೋನಿ ಮುಂದೆ ಮೈಕ್ರೋಸಾಫ್ಟ್‌ಗೆ ಹೋಗಿ ವರ್ಡ್‌ಗೆ ಕಾರಣರಾದರು. ಆ ಭರವಸೆಯನ್ನು ಕೊಟ್ಟದ್ದು ಒಂದೇ ಮನೆಯ ತೆರೆಗೂ ಮುದ್ರಣಯಂತ್ರಕ್ಕೂ ನಡುವೆ. ಬೇರೆ ಫಾಂಟಿರುವ ಬೇರೆ ಊರಿನ ಕಂಪ್ಯೂಟರಿಗೂ ಅದು ಅನ್ವಯಿಸುತ್ತದೆಂದು ವಿಸ್ತರಿಸಿಕೊಂಡವರು ನಾವು.

ಪಿಡಿಎಫ್ ಆ ಭರವಸೆಯನ್ನು ದೂರಕ್ಕೂ ಒಯ್ಯುತ್ತದೆ. ಅಡೋಬಿಯಿಂದ 1993ರಲ್ಲಿ ಬಂದದ್ದು, ಅಚ್ಚಿಗೆ ಕಳಿಸುವ ಕೊನೆಯ ಪ್ರತಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ನಾವು ವರ್ಡ್ ಫೈಲು ಹಂಚಿಕೊಳ್ಳುವುದೇ ಇನ್ನೊಬ್ಬರು ತಿದ್ದಲಿ ಎಂದು. ಮೇಷ್ಟರ ಮಗಳು ತಂದೆಯ ಜನ್ಮವರ್ಷ ತಪ್ಪಾಗಿದೆ ಎಂದರೆ ಅಂಗಡಿಯವರು ಅದನ್ನು ಸರಿಮಾಡಬೇಕಲ್ಲ? ಪಿಡಿಎಫ್ ಕಳಿಸಿ ಎನ್ನುವುದು ತಿದ್ದುವ ಹಂತ ಮುಗಿದವರಿಗೆ ಹೇಳುವ ಮಾತು.

ನಾನು ವಾದಿಸುವುದು ಚಿತ್ರದ ವಿಳಾಸವನ್ನು ಮಾತಿನಲ್ಲೇ ಇಡಬೇಕೆಂದು. ವರ್ಡ್ ಹೊಸ ಚಿತ್ರವನ್ನು ತಾನಾಗಿ ಇನ್‌ಲೈನ್ ಆಗಿಯೇ ಹಾಕುತ್ತದೆ. ಸಾಲಿನಿಂದ ಬಿಡಿಸಿ ತೇಲಿಸುವವರು ನಾವು, ಪಕ್ಕದಲ್ಲಿ ಅಕ್ಷರ ಹರಿಯಲಿ ಎಂಬ ಆಸೆಯಿಂದ. ಹೆಸರಿನ ಪಕ್ಕದಲ್ಲೇ ಫೋಟೋ ಬೇಕಾದರೆ ಗೆರೆ ಕಾಣದ ಎರಡು ಕಾಲಮ್ಮಿನ ಟೇಬಲ್ ಹಾಕಿ, ಎಡಕ್ಕೆ ಹೆಸರು, ಬಲಕ್ಕೆ ಇನ್‌ಲೈನ್ ಫೋಟೋ ಇಟ್ಟು, ಸಾಲು ಎರಡು ಪುಟಕ್ಕೆ ಹರಿಯದಂತೆ ಗುರುತು ತೆಗೆದರೆ ಆಯಿತು. ಒಂದೇ ಸಾಲಿನ ಎರಡು ಮನೆಗಳನ್ನು ಯಾವ ವರ್ಷನ್ನೂ ಯಾವ ಫಾಂಟೂ ಬೇರ್ಪಡಿಸಲಾರದು. ಬರೆಯುವಾಗಲೂ 'ಮೇಲಿನ ಚಿತ್ರ', 'ಪಕ್ಕದ ಚಿತ್ರ' ಎನ್ನುವ ಬದಲು 'ಚಿತ್ರ 4' ಎಂದರೆ, ಚಿತ್ರ ಪುಟ ದಾಟಿದರೂ ಮಾತು ಸುಳ್ಳಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ, ಎರಡೂ ಗಟ್ಟಿಯಾದವು. ಮೊದಲನೆಯದು, ಇನ್‌ಲೈನ್ ಮಾಡಿದರೆ ಚಿತ್ರ ಕತ್ತರಿಸಿ ಹೋಗುತ್ತದೆ ಎಂಬುದು. ನಿಜ, ಕನ್ನಡದಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಒತ್ತಕ್ಷರಗಳಿಂದ ಸಾಲಿನ ಅಂತರ ಏರುಪೇರಾಗಿ ಕಾಣುತ್ತದೆಂದು ನಾವು ಲೈನ್ ಸ್ಪೇಸಿಂಗನ್ನು ಎಕ್ಸಾಕ್ಟ್ಲಿ ಎಂದು ಹದಿನೆಂಟು ಪಾಯಿಂಟಿಗೆ ಬಿಗಿದಿರುತ್ತೇವೆ. ಅಂಥ ಸಾಲಿಗೆ ಫೋಟೋ ಬಂದರೆ ಅದಕ್ಕೂ ಹದಿನೆಂಟೇ ಪಾಯಿಂಟ್ ಎತ್ತರ ಸಿಗುತ್ತದೆ. ಮುಖವೆಲ್ಲ ಮರೆಯಾಗಿ ಬುಡದ ಒಂದು ಪಟ್ಟಿ, ಕೋಟಿನ ಒಂದು ಗುಂಡಿ ಮಾತ್ರ ಕಾಣುತ್ತದೆ. ಚಿತ್ರ ಹಾಳಾಗಿಲ್ಲ, ಆ ಒಂದು ಪ್ಯಾರಾದ ಅಂತರವನ್ನು ಸಿಂಗಲ್ ಅಥವಾ ಅಟ್ ಲೀಸ್ಟ್ ಮಾಡಿದ ಕ್ಷಣ ಪೂರ್ತಿ ಮುಖ ಎದ್ದು ಬರುತ್ತದೆ. ಎಷ್ಟೋ ಜನ ಇದನ್ನು ತಿಳಿಯದೆ ಅದಕ್ಕೂ ವರ್ಷನ್ನನ್ನೇ ದೂರಿ, ಚಿತ್ರವನ್ನು ತೇಲಿಸಿ 'ಸರಿಮಾಡಿ'ಕೊಳ್ಳುತ್ತಾರೆ. ಅಲ್ಲಿಂದ ಇನ್ನೊಂದು ಕಾಯಿಲೆ ಶುರು.

ಎರಡನೆಯದು ಅಂದದ ಪ್ರಶ್ನೆ. ಇನ್‌ಲೈನ್ ಚಿತ್ರಕ್ಕೆ ಪುಟದ ಉಳಿದ ಜಾಗ ಸಾಲದಿದ್ದರೆ ಅದು ಇಡಿಯಾಗಿ ಮುಂದಿನ ಪುಟಕ್ಕೆ ಹೋಗಿ, ಹಿಂದೆ ಬೋಳು ಜಾಗ ಬಿಡುತ್ತದೆ. ಪತ್ರಿಕೆಯ ಪುಟ ಕಟ್ಟಿದವರಿಗೆ ಆ ಬೋಳು ಸಹಿಸಲು ಆಗುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅಂಥ ಅಂದ ಬೇಕಾದರೆ ಅದಕ್ಕೆಂದೇ ಇರುವ ಪುಟವಿನ್ಯಾಸದ ತಂತ್ರಾಂಶದಲ್ಲಿ, ಬರಹ ಪೂರ್ತಿ ತಿದ್ದಿಯಾದ ಮೇಲೆ, ಒಂದೇ ಕಂಪ್ಯೂಟರಿನಲ್ಲಿ ಕಟ್ಟಬೇಕು. ಕೈಯಿಂದ ಕೈಗೆ ಹೋಗುವ ಕರಡಿನಲ್ಲಿ ಅದನ್ನು ಬಯಸಬಾರದು.

ಸ್ಮರಣ ಸಂಚಿಕೆಯ ಫೈಲನ್ನು ಎರಡು ರಾತ್ರಿ ಕೂತು ಮತ್ತೆ ಕಟ್ಟಿದೆ. ಪ್ರತಿ ಹೆಸರಿಗೂ ಒಂದು ಟೇಬಲ್, ಪ್ರತಿ ಫೋಟೋವೂ ಸಾಲಿನೊಳಗೆ. ಅಂಗಡಿಯ ಹುಡುಗ ತೆರೆದು ನೋಡಿ ಫೋನು ಮಾಡಿದ: 'ಮೇಡಂ, ನೀವು ನಲವತ್ತನಾಲ್ಕು ಪುಟ ಅಂದ್ರಿ, ಇಲ್ಲಿ ನಲವತ್ತಾರು ತೋರಿಸ್ತಿದೆ.' ಫೋಟೋಗಳು? 'ಎಲ್ಲಾ ಅವರವರ ಹೆಸರಿನ ಹತ್ರಾನೇ ಇದಾವೆ. ಮೂವತ್ತೊಂದನೇ ಪುಟದಲ್ಲಿ ಕೆಳಗೆ ಖಾಲಿ ಬಿಟ್ಟಿದೆ, ಫೋಟೋ ಎಳೆದು ಮೇಲಕ್ಕೆ ತರ್ಲಾ?' ಬೇಡ ಎಂದೆ. ಆ ಪುಟ ಹಾಗೇ, ಕೆಳಗೆ ನಾಲ್ಕು ಬೆರಳಷ್ಟು ಖಾಲಿಯಾಗಿಯೇ ಅಚ್ಚಾಯಿತು.